ಕೂಗದ ನಾಲ್ಕು ಸೈರನ್‌ಗಳು

ದಾಸೋಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ ನಿಜಗುಣ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಪಂಕ್ತಿಯಲ್ಲಿ ದಿನವೂ ಇನ್ನೂರು ಜನ ಕೂರುತ್ತಾರೆ. ಒಬ್ಬ ಅಜ್ಜಿ ಮಾತ್ರ ತನ್ನ ಎಲೆಗೆ ಸಾರು ಬರುವುದೇ ಇಲ್ಲ ಎನ್ನುತ್ತಾಳೆ. ನಿನ್ನೆ ನಾನೇ ಪಂಕ್ತಿಯಲ್ಲಿ ಕೂತು ನೋಡಿದೆ. ಎಲ್ಲವೂ ಬಂತು. ಉಳಿದವರು ಯಾರೂ ಏನೂ ಹೇಳಿಲ್ಲ. ಈ ಒಬ್ಬಳ ಮಾತನ್ನು ನಂಬಬೇಕೇ?"

ಗುರುಗಳು ಹೀಗೆ ಹೇಳಿದರು:

ಒಂದು ಹೊಳೆಗೆ ಅಣೆಕಟ್ಟು ಇತ್ತು. ಅದರ ಕೆಳಗೆ ಹೊಳೆಯುದ್ದಕ್ಕೂ ಎಂಟು ಊರುಗಳು. ಪ್ರತಿ ಊರಿಗೂ ಒಂದು ಸೈರನ್. ಗೇಟು ಎತ್ತುವ ಅರ್ಧ ಗಂಟೆ ಮುಂಚೆ ಅಣೆಕಟ್ಟಿನ ಅಧಿಕಾರಿ ಒಂದು ಗುಂಡಿ ಒತ್ತಬೇಕು. ಎಂಟೂ ಊರುಗಳಲ್ಲಿ ಸೈರನ್ ದೀರ್ಘವಾಗಿ ಕೂಗಬೇಕು. ಹೊಳೆಯಲ್ಲಿರುವವರು ದಡ ಹತ್ತಬೇಕು. ಇದು ಏರ್ಪಾಡು. ಸೈರನ್ ಸರಿಯಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಅಣೆಕಟ್ಟಿನಿಂದ ಕೂಗಿಸುತ್ತಿದ್ದರು.

ಆ ಸಂದೇಶ ಹೋಗಲು ಎರಡು ದಾರಿಗಳಿದ್ದವು. ಒಂದು ತಂತಿ ಎಡದಂಡೆಯಲ್ಲಿ, ಇನ್ನೊಂದು ಬಲದಂಡೆಯಲ್ಲಿ. ಯಾವ ಸಂದೇಶ ಯಾವ ದಾರಿ ಹಿಡಿಯಬೇಕೆಂದು ಗೊತ್ತು ಮಾಡುವುದು ಅಣೆಕಟ್ಟಿನಲ್ಲಿದ್ದ ರೂಟರ್. ಮೊದಲು ಅದು ಎಡದಂಡೆಯನ್ನಷ್ಟೇ ಬಳಸುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಅದಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದರು. ಎರಡು ದಾರಿಗಳೂ ಸಮವೆಂದು ಕಂಡರೆ ಹೊಸದು ಎರಡನ್ನೂ ಬಳಸುತ್ತಿತ್ತು. ಕಳುಹಿಸುವ ಯಂತ್ರದ ವಿಳಾಸ, ಪಡೆಯುವ ಯಂತ್ರದ ವಿಳಾಸ, ಇವೆರಡನ್ನೂ ಸೇರಿಸಿ ಒಂದು ಲೆಕ್ಕ ಹಾಕಿ ದಾರಿಯನ್ನು ಆರಿಸುತ್ತಿತ್ತು. ಒಮ್ಮೆ ಆರಿಸಿದರೆ ಆ ಜೋಡಿಗೆ ಯಾವಾಗಲೂ ಅದೇ ದಾರಿ.

ಈ ಜಾಲವನ್ನು ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಇದ್ದ. ಬುದ್ಧಿವಂತ. ಕೆಲಸ ತಪ್ಪಿಸಿಕೊಳ್ಳುವವನಲ್ಲ. ದೂರು ಬಂದರೆ ಅಂದೇ ಪರೀಕ್ಷೆ ಮಾಡುತ್ತಿದ್ದ. ಅವನ ಕಚೇರಿ ಎಡದಂಡೆಯ ಒಂದು ಪಟ್ಟಣದಲ್ಲಿತ್ತು. ತನ್ನ ಕಂಪ್ಯೂಟರಿನಿಂದ ಅವನು ಯಾವ ಸೈರನ್ನಿಗೆ ಬೇಕಾದರೂ ಒಂದು ಚಿಕ್ಕ ಕೂಗು ಕಳುಹಿಸಬಹುದಿತ್ತು. ದೀರ್ಘ ಕೂಗನ್ನು ಕಳುಹಿಸುವ ಅಧಿಕಾರ ಅಣೆಕಟ್ಟಿಗೆ ಮಾತ್ರ.

ಶ್ರಾವಣದಲ್ಲಿ ಮೇಲೆ ಘಟ್ಟದಲ್ಲಿ ಮಳೆ ಹೊಡೆಯಿತು. ಕೆಳಗೆ ಬಿಸಿಲು ಹಾಗೇ ಇತ್ತು. ಅಣೆಕಟ್ಟು ತುಂಬಿತು. ಮಧ್ಯಾಹ್ನ ಮೂರೂವರೆಗೆ ಗೇಟು ಎತ್ತುವುದೆಂದು ನಿಶ್ಚಯವಾಯಿತು. ಮೂರಕ್ಕೆ ಅಧಿಕಾರಿ ಗುಂಡಿ ಒತ್ತಿದ. ಎಂಟು ಊರುಗಳಿಗೂ ಕಳುಹಿಸಲಾಗಿದೆ ಎಂದು ಪರದೆ ತೋರಿಸಿತು.

ಐದು ನಿಮಿಷಕ್ಕೆ ಎಂಜಿನಿಯರನ ಫೋನ್ ಬಡಿಯಿತು. ಆರನೆಯ ಊರಿನ ಸೈರನ್ ನೋಡಿಕೊಳ್ಳುವ ಹೆಂಗಸು. ತಿಂಗಳ ಪರೀಕ್ಷೆಯಲ್ಲಿ ತಮ್ಮೂರಿನ ಸೈರನ್ ಕೂಗಲಿಲ್ಲವೆಂದು ಆಕೆ ಹಿಂದೆಯೂ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಅವನು ಪರೀಕ್ಷಿಸಿ, ಸರಿಯಾಗಿದೆ ಎಂದು ಹೇಳಿದ್ದ.

"ಸಾಹೇಬ್ರ, ಮ್ಯಾಲಿನ ಊರಿಂದು ಕೂಗಿದ್ದು ಕೇಳಿಸ್ತು. ನಮ್ಮೂರಿಂದು ಕೂಗವಲ್ದು. ಹೊಳ್ಯಾಗ ನಮ್ಮ ಮಂದಿ ಹದಿನಾಲ್ಕು ಜನ ಅದಾರ್ರಿ."

ಎಂಜಿನಿಯರ್ ಗುಂಡಿ ಒತ್ತಿದ. ಫೋನಿನಲ್ಲೇ ಅವನಿಗೆ ಸೈರನ್ನಿನ ಚಿಕ್ಕ ಕೂಗು ಕೇಳಿಸಿತು.

"ಕೂಗಿತಲ್ಲ, ಯವ್ವಾ. ಇನ್ನೇನು?"

"ನೀವು ಒತ್ತಿದ್ರ ಕೂಗತೈತ್ರಿ. ಡ್ಯಾಮಿನವರು ಒತ್ತಿದ್ರ ಕೂಗಂಗಿಲ್ಲ. ನೀರು ಬಿಡೋರು ನೀವೇನ್ರಿ, ಅವರೇನ್ರಿ?"

ಆಕೆ ಉತ್ತರಕ್ಕೆ ಕಾಯಲಿಲ್ಲ. "ನಾ ಹೊಳಿಗೆ ಓಡತೀನಿ, ನೀವು ಅದನ್ನ ಕೂಗಸ್ರಿ" ಎಂದು ಫೋನ್ ಇಟ್ಟಳು.

ಎಂಜಿನಿಯರ್ ಅಣೆಕಟ್ಟಿಗೆ ಫೋನ್ ಮಾಡಿ, ಗೇಟು ಎತ್ತಬೇಡಿ ಎಂದ. ಅಧಿಕಾರಿ, "ನೀರು ಅಂಚಿಗೆ ಬಂದಿದೆ. ಹತ್ತು ನಿಮಿಷ ಹೆಚ್ಚು ಕೊಡುತ್ತೇನೆ. ಮೂರು ನಲವತ್ತಕ್ಕೆ ಎತ್ತದೆ ಇದ್ದರೆ ಕಟ್ಟೆಗೇ ಅಪಾಯ" ಎಂದ.

ಆಗ ಮೂರು ಗಂಟೆ ಹನ್ನೆರಡು ನಿಮಿಷ.

ಎಂಜಿನಿಯರ್ ತನ್ನ ಕುರ್ಚಿಯಿಂದಲೇ ಅಣೆಕಟ್ಟಿನ ರೂಟರನ್ನು ತೆರೆದು ನೋಡಿದ. ಎಂಟು ಊರುಗಳಿಗೂ ಎರಡೆರಡು ದಾರಿಗಳು. ಎಲ್ಲವೂ ಆರೋಗ್ಯವಾಗಿವೆ ಎಂದು ಬರೆದಿತ್ತು. ರೂಟರಿನಿಂದಲೇ ಆರನೆಯ ಊರಿಗೆ ಒಂದು ಪರೀಕ್ಷಾ ಸಂದೇಶ ಕಳುಹಿಸಿದ. ತಕ್ಷಣ ಉತ್ತರ ಬಂತು. ಇನ್ನೊಮ್ಮೆ ಕಳುಹಿಸಿದ. ಮತ್ತೆ ಬಂತು. ಬೇರೆ ದಿನವಾಗಿದ್ದರೆ ಅವನು ಅಲ್ಲಿಗೆ ಮುಗಿಸುತ್ತಿದ್ದ. ಅಂದು ಮುಗಿಸಲಿಲ್ಲ. ಆ ಹೆಂಗಸು ಈಗ ಎಲ್ಲಿ ಓಡುತ್ತಿರಬಹುದು ಎಂಬುದೊಂದೇ ತಲೆಯಲ್ಲಿ.

ಆಗ ಅವನಿಗೆ ತಿಳಿಯಿತು. ತಾನು ಕಳುಹಿಸಿದ ಸಂದೇಶ ರೂಟರಿನ ವಿಳಾಸ ಹೊತ್ತು ಹೋಗಿದೆ. ಸೈರನ್ನಿನ ಕೂಗು ಹೋಗುವುದು ಗುಂಡಿ ಇರುವ ಯಂತ್ರದ ವಿಳಾಸದಿಂದ. ಕಳುಹಿಸುವವರು ಬೇರೆಯಾದರೆ ಲೆಕ್ಕ ಬೇರೆ. ಲೆಕ್ಕ ಬೇರೆಯಾದರೆ ದಾರಿ ಬೇರೆ. ತನ್ನ ಕಚೇರಿಯಂತೂ ಎಡದಂಡೆಯ ತಂತಿಯ ಮೇಲೆಯೇ ಕೂತಿದೆ. ಅಲ್ಲಿಂದ ಹೊರಟದ್ದು ಇನ್ನೊಂದು ದಾರಿಯನ್ನು ತುಳಿದೇ ಇಲ್ಲ.

ಗುಂಡಿ ಇರುವ ಯಂತ್ರದ ವಿಳಾಸವನ್ನು ಹಾಕಿ ಮತ್ತೆ ಕಳುಹಿಸಿದ. ಮೊದಲ ಊರು ಉತ್ತರಿಸಿತು. ಎರಡನೆಯದು ಉತ್ತರಿಸಲಿಲ್ಲ. ಮೂರು, ಐದು, ಎಂಟು ಉತ್ತರಿಸಿದವು. ನಾಲ್ಕು, ಆರು, ಏಳು ಉತ್ತರಿಸಲಿಲ್ಲ.

ಮೂರು ಗಂಟೆ ಇಪ್ಪತ್ತೊಂದು ನಿಮಿಷ.

ಉತ್ತರ ಬಾರದ ನಾಲ್ಕೂ ಬಲದಂಡೆಯ ದಾರಿ ಹಿಡಿದಿದ್ದವು. ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿದ. ಅಣೆಕಟ್ಟಿನಿಂದ ಬಲದಂಡೆಯಲ್ಲಿ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೊದಲ ಠಾಣೆಯವರೆಗೆ ಅದು ಹೋಗುತ್ತಿತ್ತು. ಅಲ್ಲಿಂದಾಚೆ ಸುಳಿವಿಲ್ಲ. ಆದರೂ ಆ ಠಾಣೆ ರೂಟರಿಗೆ, ಎಂಟೂ ಊರುಗಳಿಗೆ ನನ್ನ ಮೂಲಕ ದಾರಿಯಿದೆ ಎಂದು ಹೇಳುತ್ತಲೇ ಇತ್ತು. ಯಾವಾಗಲೋ ದುರಸ್ತಿಗೆ ಬಂದವರು ಆ ದಾರಿಯನ್ನು ಅಲ್ಲಿ ಕೈಯಿಂದ ಬರೆದಿಟ್ಟು ಹೋಗಿದ್ದರು. ಮುಂದಿನ ತಂತಿ ಸತ್ತರೂ ಬರೆದದ್ದು ಅಳಿಸಿರಲಿಲ್ಲ. ರೂಟರ್ ಅದನ್ನು ನಂಬಿತ್ತು. ಅರ್ಧ ಊರುಗಳ ಕೂಗನ್ನು ಪ್ರತಿ ಸಲವೂ ಆ ಕಡೆಗೆ ತಳ್ಳುತ್ತಿತ್ತು.

ಬಲದಂಡೆಯ ದಾರಿಯನ್ನು ರೂಟರಿನಿಂದ ತೆಗೆದುಹಾಕಬೇಕು. ಅದಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ತಪ್ಪಿ ಎಡದಂಡೆಯನ್ನು ತೆಗೆದರೆ ಉಳಿದ ನಾಲ್ಕು ಊರುಗಳೂ ಮೂಕವಾಗುತ್ತವೆ. ಬರೆದ ಸಾಲನ್ನು ಮೂರು ಸಲ ಓದಿದ. ಎಡದಂಡೆ ಬದುಕಿದೆ ಎನ್ನಲು ಏನು ಆಧಾರ ಎಂದು ತನ್ನನ್ನೇ ಕೇಳಿಕೊಂಡ. ತಾನು ಇಷ್ಟು ದಿನ ಮಾಡಿದ ಪರೀಕ್ಷೆಗಳೆಲ್ಲ ಸೇರಿ ಆ ಒಂದು ವಿಷಯವನ್ನು ಮಾತ್ರ ಹೇಳಿದ್ದವು.

ಒಪ್ಪಿಗೆಗೆ ಕಾಯದೆ ತೆಗೆದುಹಾಕಿದ.

"ಈಗ ಒತ್ತಿ" ಎಂದು ಅಣೆಕಟ್ಟಿಗೆ ಹೇಳಿದ. ಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷ.

ಆರನೆಯ ಊರಿನ ಹೆಂಗಸು ಅಷ್ಟರಲ್ಲಿ ದಡಕ್ಕೆ ಬಂದಿದ್ದಳು. ಊರಿನವರು ಹೊಳೆಯ ಆಚೆ ಬದಿಯಲ್ಲಿ ಬಲೆ ಎಳೆಯುತ್ತಿದ್ದರು. ಆಕೆ ಸೆರಗು ಬೀಸಿ ಕೂಗಿದಳು. ನೀರಿನ ಸದ್ದಿಗೆ ಅವಳ ದನಿ ದಾಟಲಿಲ್ಲ. ಒಬ್ಬ ಕೈ ಎತ್ತಿ, ಬರುತ್ತೇವೆ ಎಂಬಂತೆ ಆಡಿಸಿ, ಮತ್ತೆ ಬಲೆಗೆ ಬಾಗಿದ. ಆಗ ಊರಿನ ಕಡೆಯಿಂದ ಸೈರನ್ ಕೂಗಿತು. ದೀರ್ಘವಾಗಿ ಕೂಗಿತು. ಹದಿನಾಲ್ಕು ಜನರೂ ಒಟ್ಟಿಗೆ ತಲೆ ಎತ್ತಿದರು. ಬಲೆ ಅಲ್ಲೇ ಬಿಟ್ಟು ದಡ ಹತ್ತಿದರು.

ಎರಡನೆಯ ಊರಿನ ಹೆಂಗಸರು ಒಗೆದ ಬಟ್ಟೆಗಳನ್ನು ಕಲ್ಲಿನ ಮೇಲೆಯೇ ಬಿಟ್ಟು ಓಡಿದರು. ಏಳನೆಯ ಊರಿನ ಕುರುಬನೊಬ್ಬ ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ. ಎರಡು ಮರಿಗಳನ್ನು ಹೆಗಲ ಮೇಲೆ ಹಾಕಿಕೊಂಡು ನೀರು ದಾಟಿದ. ಉಳಿದ ಮೂವತ್ತೆಂಟು ಕುರಿಗಳನ್ನು ಕರೆದ. ಅವು ಬರಲಿಲ್ಲ. ನೀರು ಬಂದಿತು. ಅವನು ದಡದಲ್ಲಿ ಕೂತು ನೋಡಿದ. ಮನುಷ್ಯರು ಯಾರೂ ಕೊಚ್ಚಿಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣ ಕೇಳಿದ: "ಸೈರನ್ ಕೂಗದೆ ಇದ್ದದ್ದು ನಾಲ್ಕು ಊರುಗಳಲ್ಲಿ. ಫೋನ್ ಮಾಡಿದ್ದು ಒಬ್ಬಳೇ. ಉಳಿದ ಮೂರು ಊರಿನವರು ಯಾಕೆ ಸುಮ್ಮನಿದ್ದರು, ಗುರುಗಳೇ?"

ಗುರುಗಳು ಹೇಳಿದರು: "ಅವರು ಮೊದಲ ತಿಂಗಳೇ ಫೋನ್ ಮಾಡಿದ್ದರು, ಎಲ್ಲ ಸರಿಯಾಗಿದೆ ಎಂಬ ಉತ್ತರ ಕೇಳಿದ ಮೇಲೆ ಸುಮ್ಮನಾದರು."