ಎದೆಮಟ್ಟದ ಒಲೆ

ದಾವಣಗೆರೆಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವವನೊಬ್ಬನಿದ್ದ. ಅವನ ಬಲಭುಜದ ನೋವಿಗೆ ಎಣ್ಣೆ ತಿಕ್ಕಿದ್ದಾಯಿತು, ಸೂಜಿ ಚುಚ್ಚಿಸಿದ್ದಾಯಿತು, ದೇವರಿಗೆ ಹರಕೆ ಹೊತ್ತದ್ದೂ ಆಯಿತು. ಅಂಗಿ ತೊಡಿಸಲು ಹೆಂಡತಿಯೇ ಬರಬೇಕಿತ್ತು.

“ವಾರದೊಳಗೆ ನೋವಿನ ಮೂಲ ಹುಡುಕು. ಇಲ್ಲಾಂದ್ರೆ ನಾನು ಬೇರೆಯವರನ್ನ ಹುಡುಕ್ತೀನಿ” ಎಂದ ಮಾಲೀಕ ಬಕ್ಕೇಶಪ್ಪ.

ಮೂಲ ಇವನಿಗೆ ಗೊತ್ತಿತ್ತು. ಮದುವೆಮನೆಯ ತಗ್ಗು ಒಲೆಯ ಮುಂದೆ ದಿನವಿಡೀ ಹುಯ್ದರೂ ಹಿಂದೆ ತಾಳುತ್ತಿದ್ದ ಭುಜ, ಇಲ್ಲಿ ತಿಂಡಿಯ ಹೊತ್ತು ಮುಗಿಯುವುದರೊಳಗೆ ಉರಿಯುತ್ತಿತ್ತು. ದೋಸೆ ಹುಯ್ಯುವುದು ಬೀದಿಗೆ ಕಾಣಲೆಂದು ಬಕ್ಕೇಶಪ್ಪ ಒಲೆಯನ್ನು ಎದೆಮಟ್ಟಕ್ಕೆ ಕಟ್ಟಿಸಿದ್ದ. ಅವನ ಪಾಲಿಗೆ ಅದು ಒಲೆಯಲ್ಲ, ಕಿರೀಟ. ಅದನ್ನು ಬೈದರೆ ಕೆಲಸ ಉಳಿದೀತೆ?

ಶುಕ್ರವಾರ ಬೆಳಿಗ್ಗೆ ಇವನು ಮಾಲೀಕನ ಮುಂದೆ ತಲೆತಗ್ಗಿಸಿ ನಿಂತ. “ಸಾವ್ಕಾರ್ರೆ, ಇವತ್ತಿನ ಬೋಣಿ ದೋಸೆ ನಿಮ್ಮ ಕೈಯಿಂದ್ಲೇ ಆಗ್ಲಿ. ಜನ ನೋಡ್ಲಿ.”

ಬಕ್ಕೇಶಪ್ಪ ಉಬ್ಬಿಹೋದ. ಸೌಟು ಹಿಡಿದ. ಬೀದಿಯ ಜನವೆಲ್ಲ ನೆರೆಯಿತು. ಒಂದು ಹುಯ್ದರೆ “ನಮಗೊಂದು” ಎಂದರು, ಮತ್ತೊಂದು ಹುಯ್ದರೆ “ನಮಗೂ” ಎಂದರು. ಸೌಟು ಕೆಳಗಿಡಲು ಮಾನ ಅಡ್ಡ ಬಂತು. ಕೊನೆಗೆ ಭುಜ ಹಿಡಿದು ಕುಸಿದ.

“ಅಯ್ಯಯ್ಯೋ, ಯಾರ ಕಣ್ಣು ಬಿತ್ತೋ!” ಎಂದು ಬಕ್ಕೇಶಪ್ಪ ನರಳಿದ.

“ಕಣ್ಣಲ್ಲ ಸಾವ್ಕಾರ್ರೆ, ಒಲೆ” ಎಂದ ಇವನು ಮೆಲ್ಲಗೆ.

ಸಂಜೆಗೇ ಗಾರೆಯವನು ಬಂದ. ಒಲೆ ತಗ್ಗಿತು. ಬಕ್ಕೇಶಪ್ಪ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳಿದ: “ಒಂದೇ ಹೊತ್ತಿನಲ್ಲಿ ಮೂಲ ಹಿಡಿದೆ ನೋಡಿ. ಇವನು ವರ್ಷಗಟ್ಟಲೆ ಅಲ್ಲೇ ನಿಂತಿದ್ದ, ತಲೆಗೆ ಹೊಳೀಲೇ ಇಲ್ಲ!”

“ಹೌದು ಸಾವ್ಕಾರ್ರೆ” ಎಂದು ಇವನು ಕೈಮುಗಿಯಹೋದ. ಎಡಗೈ ಎದ್ದಿತು. ಸವೆದುಹೋದ ಬಲಗೈ ಏಳಲಿಲ್ಲ.