ಒಂಬತ್ತು ಗಂಟೆಗೆ ಕೂಗಿದ ಹುಂಜ

ಕೋಳಿಗಳ ಮಾತು ಬಲ್ಲವರು ಈ ಸೀಮೆಯಲ್ಲಿ ಇಬ್ಬರೇ, ನಾನು ಮತ್ತು ಪಿಳ್ಳಪ್ಪ. ಪಿಳ್ಳಪ್ಪ ಈಗಿಲ್ಲ, ಹಾಗಾಗಿ ನೀವು ನನ್ನ ಮಾತೇ ನಂಬಬೇಕು.

ಮುನಿಶಾಮಪ್ಪ ರಾಗಿ ಹೊಲದಲ್ಲಿ ಡ್ರ್ಯಾಗನ್ ಫ್ರೂಟ್ ನೆಟ್ಟು, ಪಕ್ಕದಲ್ಲೇ ಪೇಟೆಯವರಿಗೆ ಹೋಂಸ್ಟೇ ತೆರೆದ. ಬಂದವರು ಕೋಳಿ ಕೂಗಿ ನಿದ್ದೆ ಕೆಟ್ಟಿತೆಂದು ರೇಗಿದರು. "ನಾಳೆಯೂ ಕತ್ತಲಲ್ಲೇ ಕೂಗಿದರೆ ನಿನ್ನನ್ನು ಸಾರಿಗೆ ಹಾಕ್ತೀನಿ," ಎಂದು ಮುನಿಶಾಮಪ್ಪ ಹುಂಜವನ್ನು ಗದರಿದ.

"ಸೂರ್ಯ ಹುಟ್ಟುವಾಗ ಕೂಗದಿದ್ದರೆ ನಾನೆಂಥ ಹುಂಜ?" ಎಂದಿತು ಹುಂಜ.

ಹೇಂಟೆ ನಕ್ಕಿತು. "ನಿನಗೆ ಕಾಳು ಹಾಕುವವನು ಸೂರ್ಯನೋ, ಮುನಿಶಾಮಪ್ಪನೋ? ನೆಂಟರು ಕಣ್ಣು ಬಿಟ್ಟಾಗ ಕೂಗು."

ಮರುದಿನ ಹುಂಜ ಒಂಬತ್ತು ಗಂಟೆಗೆ, ಮೊಬೈಲು ಹಿಡಿದವರ ಮುಂದೆ ನಿಂತು ಕೂಗಿತು. "ಹಳ್ಳಿ ಬೆಳಗು ಅಂದ್ರೆ ಇದಪ್ಪಾ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

"ಬದುಕಿಕೊಂಡೆ," ಎಂದು ಹುಂಜ ಹೇಂಟೆಯ ಕಡೆ ತಿರುಗಿತು.

ಅಷ್ಟರಲ್ಲಿ ಅವರು ಮುನಿಶಾಮಪ್ಪನನ್ನು ಕರೆದರು. "ಮಧ್ಯಾಹ್ನ ಮುದ್ದೆಗೆ ನಾಟಿ ಕೋಳಿ ಸಾರು ಮಾಡಿಸಿ. ಫಾರಂ ಕೋಳಿ ಹಾಕಿ ಮೋಸ ಮಾಡಬೇಡಿ, ನಾವೇ ಕಣ್ಣಾರೆ ಕಂಡ ಈ ಹುಂಜವೇ ಆಗಬೇಕು."

ಹಾಗೇ ಆಯಿತು.

ಕಥೆ ಕೇಳುತ್ತಿದ್ದ ನನ್ನ ಸೊಸೆ ಸುಮ್ಮನಿರಲಿಲ್ಲ. "ಮಾವ, ಅಷ್ಟೆಲ್ಲ ಕೇಳಿಸಿಕೊಂಡವರು ಹುಂಜಕ್ಕೆ ಓಡಿಹೋಗು ಅನ್ನಬಾರದಿತ್ತಾ?"

ನಾನು ಭುಜ ಕುಣಿಸಿದೆ. "ಊಟಕ್ಕೆ ನನ್ನನ್ನೂ ಕರೆದಿದ್ದರಮ್ಮ."