ಸೆರಗಿನ ಕೆಳಗಿನ ದಿಂಬು

“ಹಡೆದ ಕೂಸನ್ನ ಎತ್ತಿಕೊಳ್ಳಾಕ ಒಲ್ಲೆ ಅನ್ನಾಕಿನ್ನ ತಾಯಿ ಅನ್ನಬೇಕೇನ್ರಿ, ಅಜ್ಜಾರ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಅವರ ಶಿಷ್ಯ ನಿಂಗರಾಜ. ಅವನ ಹೆಂಡತಿ ಬಾಣಂತನ ಮುಗಿಸಿ ಕೂಸಿನೊಡನೆ ತವರಿನಿಂದ ಬಂದಿದ್ದಳು. ಬಂದಾಗಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳಿಗೆ ಗಾಳಿ ಸೋಕಿದೆ, ಕೂಸನ್ನು ಇಲ್ಲೇ ಇಟ್ಟುಕೊಂಡು ಅವಳನ್ನು ತವರಿಗೆ ಬಿಟ್ಟು ಬಾ ಎಂದು ಮನೆಯವರು ಹೇಳುತ್ತಿದ್ದರು. ಅದಕ್ಕೆ ಮೊದಲು ಕೂಸಿಗೊಂದು ತಾಯಿತ ಮಾಡಿಸಿಕೊಂಡು ಹೋಗಲು ಅವನು ಬಂದಿದ್ದ.

“ಕೂಸು ಹೆಂಗೈತಿ?” ಎಂದು ಗುರುಗಳು ಕೇಳಿದರು.

ನಿಂಗರಾಜ ಹೇಳಿದ. ಹಾಲು ಕುಡಿಯುವುದನ್ನು ಹೇಳಿದ, ಮೂಗು ಯಾರ ಹಾಗಿದೆ ಎಂದು ಹೇಳಿದ, ಸೀನುವುದನ್ನೂ ಹೇಳಿದ.

“ಆಕಿ ನಿದ್ದಿ ಮಾಡ್ತಾಳೇನು?”

ಅದು ಅವನಿಗೆ ಗೊತ್ತಿರಲಿಲ್ಲ. ಗುರುಗಳು ನಕ್ಕು, ಕುಳಿತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ ಗಂಡು ಮಗು ಹೆತ್ತಳು. ತವರಿನವರು ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮೈಗೆ ಎಣ್ಣೆ ತಿಕ್ಕಿದರು, ಬಿಸಿನೀರು ಹೊಯ್ದರು, ಹೊರಸಿನ ಕೆಳಗೆ ಕೆಂಡವಿಟ್ಟರು, ಅಂಟಿನ ಉಂಡೆ ಕಟ್ಟಿದರು. ಮನಸ್ಸಿಗೂ ಬಾಣಂತನ ಬೇಕಾಗುತ್ತದೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹುಡುಗಿ ಬರಬರುತ್ತ ಮಾತು ಬಿಟ್ಟಳು. ಉಂಡೆ ತಟ್ಟೆಯಲ್ಲೇ ಉಳಿಯಿತು. ಕೂಸು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ತಾಯಿ ಬೈದಳು, ಆಮೇಲೆ ಬೇಡಿಕೊಂಡಳು, ಕೊನೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ದೃಷ್ಟಿ ತೆಗೆದದ್ದೂ ಕೂಸಿಗೇ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬೀಗರು ಬರುವವರಿದ್ದರು. ನೇಕಾರನ ತಾಯಿ ಬಾಯಿಗೆ ಹೆಸರಾದವಳು. ಅವಳು ಗದರಿದರೆ ಓಣಿಯ ಮಗ್ಗಗಳೆಲ್ಲ ಒಮ್ಮೆ ಸದ್ದು ನಿಲ್ಲಿಸುತ್ತಿದ್ದವಂತೆ. ಸೊಸೆ ಕೂಸನ್ನು ಮುಟ್ಟುವುದಿಲ್ಲ ಎಂದು ಗೊತ್ತಾದರೆ ಅವಳು ತಮ್ಮ ಮಗಳನ್ನು ಮತ್ತೆ ಮನೆ ತುಂಬಿಸಿಕೊಳ್ಳುವುದಿಲ್ಲ ಎಂದು ತವರಿನವರು ಹೆದರಿದರು. ಹೆದರಿದವರಿಗೆ ಒಂದು ಉಪಾಯ ಹೊಳೆಯಿತು. ಬಾಣಂತಿಗೆ ಹೊಸ ಸೀರೆ ಉಡಿಸಿ ಕೂರಿಸಿದರು. ತೊಡೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಕೂಸನ್ನು ಮಲಗಿಸಿ, ಅವಳ ಕೈಗಳನ್ನು ಸುತ್ತ ಜೋಡಿಸಿ, ಎಲ್ಲದರ ಮೇಲೆ ಸೆರಗು ಹೊದಿಸಿದರು. ಬಂದವರೆಲ್ಲ ತಾಯಿ ಮಗು ಎಷ್ಟು ಚೆಂದ ಕಾಣುತ್ತಾರೆ ಎಂದರು.

ಹೆಂಗಸರು ಹಾಡುತ್ತಿದ್ದರು. ನೇಕಾರನ ತಾಯಿ ಮೊಮ್ಮಗನ ಮುಖ ನೋಡಲೆಂದು ಬಗ್ಗಿ ಸೆರಗು ಸರಿಸಿದಳು. ದಿಂಬು ಕಂಡಿತು. ಸೊಸೆಯ ಕೈಗಳು ಎರಡೂ ಕಡೆಗೆ ಜಾರಿಬಿದ್ದವು. ಹಾಡು ನಿಂತಿತು. ಇನ್ನು ಇವಳು ಬಾಯಿ ತೆರೆಯುತ್ತಾಳೆ ಎಂದು ಎಲ್ಲರೂ ತಲೆ ತಗ್ಗಿಸಿದರು.

ಅತ್ತೆ ಕೂಸನ್ನು ಎತ್ತಿ ತನ್ನ ಮಗನ ಕೈಗೆ ಕೊಟ್ಟಳು. ಅವನು ಅದನ್ನು ತುಂಬಿದ ಕೊಡ ಹಿಡಿದ ಹಾಗೆ ಹಿಡಿದು ನಿಂತ. ಅವಳು ಆರತಿ ತಟ್ಟೆ ತೆಗೆದುಕೊಂಡು ಮೊದಲು ಸೊಸೆಗೆ ಬೆಳಗಿದಳು. ತಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕುಳಿತು ಕೇಳಿದಳು:

“ಯವ್ವಾ, ನಿದ್ದಿ ಹತ್ತತೈತೇನು?”

“ಇಲ್ಲತ್ತಿ. ಇದು ನನ್ನ ಕೂಸು ಅನಸವಲ್ದು. ನಾ ಇಲ್ದಿದ್ರ ಇದಕ್ಕ ಚಲೋ ಅಕ್ಕೈತಿ ಅನಸ್ತೈತಿ. ನಾ ಕೆಟ್ಟಾಕಿ.”

“ಜ್ವರ ಬಂದಾಕಿನ್ನ ಕೆಟ್ಟಾಕಿ ಅಂತಾರೇನು? ಇದೂ ಒಂದು ಬ್ಯಾನಿ. ಬ್ಯಾನಿಗೆ ಔಷಧ ಐತಿ. ಏಳು, ಹೋಗೂನು.”

ತೊಟ್ಟಿಲು ಹಾಗೇ ಉಳಿಯಿತು. ಅವಳು ಅಂದೇ ಸೊಸೆಯನ್ನು ಪಟ್ಟಣದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಇದು ಗಾಳಿಯಲ್ಲ, ಸೊಕ್ಕೂ ಅಲ್ಲ ಎಂದು ಡಾಕ್ಟರು ಹೇಳಿದರು. ಹೆತ್ತ ಮೇಲೆ ಎಷ್ಟೋ ಹೆಂಗಸರಿಗೆ ಬರುತ್ತದೆ, ವಾಸಿಯಾಗುತ್ತದೆ ಎಂದರು. ಗುಳಿಗೆ ಕೊಟ್ಟು, ಆಗಾಗ ಬಂದು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಹೋಗೆಂದರು. ಒಬ್ಬಳನ್ನೇ ಬಿಡಬೇಡಿ, ನಿದ್ದೆ ಕೆಡಿಸಬೇಡಿ ಎಂದು ಮನೆಯವರಿಗೆ ಹೇಳಿದರು.

ಬೇಗ ಏನೂ ಆಗಲಿಲ್ಲ. ಗುಳಿಗೆ ಬೇಡವೆಂದು ಸೊಸೆ ಹಟ ಹಿಡಿದ ದಿನ ಅತ್ತೆಯ ಬಾಯಿ ಕೆಲಸಕ್ಕೆ ಬಂತು. ನೇಕಾರ ಮಗ್ಗದಿಂದೆದ್ದು ಕೂಸಿನ ಬಟ್ಟೆ ಬದಲಿಸುವುದನ್ನು ಕಲಿತ. ಓಣಿಯವರು ನಕ್ಕರು. ನಕ್ಕರೆ ನಗಲಿ ಎಂದು ಅವನು ಬಟ್ಟೆ ಒಗೆದು ಹಿತ್ತಲಲ್ಲಲ್ಲ, ಮುಂಬಾಗಿಲಲ್ಲೇ ಒಣಹಾಕಿದ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಕೂಸಿಗೆ ಬಿಕ್ಕಳಿಕೆ ಬಂದಾಗ ಸೊಸೆಯ ಕೈ ತಾನಾಗಿ ಅದರ ಬೆನ್ನ ಮೇಲೆ ಹೋಯಿತು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಆ ಮುದುಕಿಯನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕೆನಿಸುತ್ತದೆ.

ಅಂದಿನಿಂದ ಪ್ರತಿವರ್ಷ ಮಗನ ಹುಟ್ಟುಹಬ್ಬದ ದಿನ ಸೊಸೆ ಮೊದಲ ಆರತಿಯನ್ನು ಅತ್ತೆಗೆ ಬೆಳಗುತ್ತಿದ್ದಳು. ಮಾತು ಬಲಿತ ಮೇಲೆ ಹುಡುಗ ಮುನಿಸಿಕೊಂಡ. ಹುಟ್ಟಿದವನು ನಾನು, ಆರತಿ ಅಜ್ಜಿಗೆ ಯಾಕೆ ಎಂದ.

“ನಿನ್ನ ನಾ ಹಡೆದೆ,” ಎಂದಳು ತಾಯಿ. “ನಿನಗ ನನ್ನ ಕೊಟ್ಟಾಕಿ ಅಜ್ಜಿ.”

ಕತೆ ಮುಗಿಯಿತು. ನಿಂಗರಾಜ ತಲೆಯೆತ್ತಿ ಕೇಳಿದ:

“ಅಂಥಾ ಅತ್ತಿ ಎಲ್ಲಾರ ಮನ್ಯಾಗೂ ಇರ್ತಾಳೇನ್ರಿ, ಅಜ್ಜಾರ? ನಮ್ಮ ಮನ್ಯಾಗ ಇಲ್ಲ.”

“ಗಂಡ ಅದಾನಲ್ಲ?” ಎಂದರು ಗುರುಗಳು.

ನಿಂಗರಾಜ ತಾಯಿತದ ಮಾತು ಎತ್ತದೆ ಎದ್ದು ಮನೆಯ ದಾರಿ ಹಿಡಿದ.